ಮಳೆಯಲ್ಲಿ ಉಳಿದ ಕಾಫಿ ಬಿಸಿಲಿನಲ್ಲಿ ಕೆಟ್ಟಿತು

2022ರ ಫೆಬ್ರವರಿ ಕೊನೆಯ ವಾರ. ತೋಟದಲ್ಲಿ ಮೆಣಸಿನ ಕುಯ್ಲು ಜೋರಾಗಿತ್ತು. ಏಣಿ ಹಿಡಿದು ನಿಂತಿದ್ದಾಗ ಬೆಂಗಳೂರಿನ ರೋಸ್ಟರ್ ಒಬ್ಬರ ಫೋನು ಬಂತು. ಎರಡು ವರ್ಷದಿಂದ ನಮ್ಮ ಕಾಫಿಯನ್ನು ಮಾರುಕಟ್ಟೆಗಿಂತ ಒಳ್ಳೆಯ ದರ ಕೊಟ್ಟು ತಗೊಂಡವರು. ಮಾತು ಮೆತ್ತಗೇ ಇತ್ತು. "ನಿಮ್ಮ ಸ್ಯಾಂಪಲ್ ಕಪ್ ಮಾಡಿ ನೋಡಿದ್ವಿ. ಐದು ಕಪ್ಪಿನಲ್ಲಿ ಎರಡರಲ್ಲಿ ಹಳೇ ಗೋಣಿಚೀಲದ ವಾಸನೆ ಬರ್ತಿದೆ. ಈ ಲಾಟ್ ನಮಗೆ ಬೇಡ, ಬೇಜಾರು ಮಾಡ್ಕೋಬೇಡಿ."

ಹದಿನಾಲ್ಕು ಮೂಟೆ ಅರೇಬಿಕಾ. ಹಣ್ಣನ್ನು ಸಿಪ್ಪೆ ಸಮೇತ ಮೇಜಿನ ಮೇಲೆ ಒಣಗಿಸಿದ್ದು. ಈಗ ಇದಕ್ಕೆ 'ನ್ಯಾಚುರಲ್' ಅಂತ ಹೆಸರು. ನಮ್ಮ ಅಜ್ಜನ ಕಾಲದಲ್ಲಿ ಬರೀ ಚೆರ್ರಿ. ಆ ಮೂಟೆಗಳ ದುಡ್ಡಿನಲ್ಲೇ ಒಣಗಿಸುವ ಮೇಜು ಮತ್ತು ನೀರಿನ ತೊಟ್ಟಿಗೆ ಮಾಡಿದ ಸಾಲದ ಕಂತು ಕಟ್ಟಬೇಕಿತ್ತು. ಕೊನೆಗೆ ಸಕಲೇಶಪುರದ ಪೇಟೆಯಲ್ಲಿ ಮಾಮೂಲಿ ಚೆರ್ರಿ ದರಕ್ಕೆ ಕೊಟ್ಟು ಬಂದೆ.

ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಮಳೆ. 2021ರ ನವೆಂಬರ್ ಮಳೆಯನ್ನು ಹಾಸನ, ಚಿಕ್ಕಮಗಳೂರು, ಕೊಡಗಿನ ಯಾವ ಬೆಳೆಗಾರನೂ ಮರೆತಿಲ್ಲ. ಹಣ್ಣಾದ ಅರೇಬಿಕಾ ಗಿಡದಲ್ಲೇ ಒಡೆಯಿತು, ನೆಲಕ್ಕುದುರಿತು, ಕಣದಲ್ಲಿದ್ದದ್ದು ಮೊಳಕೆಯೊಡೆಯಿತು. ಹಾಗಾಗಿ ಎಲ್ಲರೂ ತಲೆಯಾಡಿಸಿದರು. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಕಣದ ಪುಸ್ತಕ ತೆಗೆದು ಕೂತಾಗ ಗೊತ್ತಾಯಿತು, ನಾನು ಹೇಳುತ್ತಿದ್ದದ್ದು ಸುಳ್ಳು. ಮಳೆಯಲ್ಲಿ ಸಿಕ್ಕಿದ ಕಾಫಿ ಚೆನ್ನಾಗಿಯೇ ಮಾರಾಟವಾಗಿತ್ತು. ಆ ಹದಿನೈದು ದಿನ ಮನೆಮಂದಿಯೆಲ್ಲ ನಿದ್ದೆಗೆಟ್ಟು ಟಾರ್ಪಾಲು ಎಳೆದು, ಮಾಡಿನ ಕೆಳಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ ಉಳಿಸಿಕೊಂಡಿದ್ದೆವು. ಪುಸ್ತಕದಲ್ಲಿ ಪ್ರತಿ ಸಾಲೂ ತುಂಬಿತ್ತು. ಕೆಟ್ಟಿದ್ದು ಜನವರಿಯ ಲಾಟ್, ಒಂದು ಹನಿಯೂ ಬೀಳದ ತಿಂಗಳಿನದು. ಮತ್ತೆ ಪುಸ್ತಕ ಡಿಸೆಂಬರ್ 11ರ ನಂತರ ಖಾಲಿ.

ಈ ವಾರದ ಲೇಖನ ಆ ಖಾಲಿ ಪುಟಗಳ ಬಗ್ಗೆ. ಗುಣಮಟ್ಟ ಸುಧಾರಿಸೋದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕಾಫಿ ಬೋರ್ಡಿನ ಕೈಪಿಡಿ ಇದೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತರಬೇತಿ ಇದೆ. ಸುಧಾರಿಸಿದ್ದು ಮೂರನೇ ವರ್ಷಕ್ಕೂ ಯಾಕೆ ಉಳಿಯಲ್ಲ ಅನ್ನೋದನ್ನು ನಾನು ಕೈ ಸುಟ್ಟುಕೊಂಡೇ ಕಲಿಯಬೇಕಾಯಿತು.

ಹದಿನೇಳು ಕಾಲಂಗಳ ಪೊಗರು

ನಮ್ಮದು ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಗಡಿಯಲ್ಲಿರುವ ಆರು ಎಕರೆ. ಮೇಲ್ಗಡೆ ಅರೇಬಿಕಾ, ಹಳ್ಳದ ಕಡೆ ರೊಬಸ್ಟಾ, ಸಿಲ್ವರ್ ಓಕಿಗೆ ಮತ್ತು ಕಾಡುಮರಕ್ಕೆ ಹಬ್ಬಿಸಿದ ಮೆಣಸು. ತೋಟಗಾರಿಕೆ ಓದಿ ಮುಗಿಸಿ, ನಾಲ್ಕು ವರ್ಷ ಗೊಬ್ಬರದ ಕಂಪನಿಯಲ್ಲಿ ಕೆಲಸ ಮಾಡಿ, ಊರಿಗೆ ಬಂದು ಸಾವಯವಕ್ಕೆ ಇಳಿದವನು ನಾನು.

2019ರ ಕುಯ್ಲಿಗೆ ಎಲ್ಲವನ್ನೂ ಸರಿ ಮಾಡುತ್ತೇನೆಂದು ಹೊರಟೆ. ಅಡಿಕೆ ದಬ್ಬೆ ಮತ್ತು ನೈಲಾನ್ ಬಲೆಯ ಮೇಜು ಮಾಡಿಸಿದೆ. ಕೆಂಪು ಹಣ್ಣು ಮಾತ್ರ ಕುಯ್ಯಬೇಕು, ತೊಟ್ಟಿಯಲ್ಲಿ ಹಾಕಿ ತೇಲಿದ್ದನ್ನು ಬೇರೆ ಮಾಡಬೇಕು, ಅದೇ ದಿನ ಮೇಜಿಗೇರಬೇಕು, ಸಂಜೆ ಮುಚ್ಚಬೇಕು, ತೇವಾಂಶ ಅಳೆದೇ ಚೀಲಕ್ಕೆ ತುಂಬಬೇಕು. ಇಷ್ಟಕ್ಕೂ ಒಂದು ಪುಸ್ತಕ, ಹದಿನೇಳು ಕಾಲಂ. ಗಾಳಿಯ ಉಷ್ಣಾಂಶ, ಆರ್ದ್ರತೆ, ಹಣ್ಣಿನ ಸಿಹಿ ಅಳತೆ, ಏನು ಬೇಕು ಕೇಳಿ, ಎಲ್ಲಾ ಇತ್ತು. ಕಾಲೇಜಿನಲ್ಲಿ ಕಲಿತ ಪೊಗರು ಇನ್ನೂ ಇಳಿದಿರಲಿಲ್ಲ.

ಮೊದಲ ವರ್ಷ ಅದ್ಭುತ. ನಾನೇ ಬೆಳಗ್ಗೆಯಿಂದ ಸಂಜೆವರೆಗೆ ಕಣದಲ್ಲಿ ಕೂತಿರುತ್ತಿದ್ದೆ. ಎರಡನೇ ವರ್ಷ ಅರ್ಧ ದಿನ ಕೂತೆ. ಕಾಫಿ ಚೆನ್ನಾಗಿಯೇ ಬಂತು. ಮೂರನೇ ವರ್ಷ 'ಈಗ ಎಲ್ಲರಿಗೂ ಅಭ್ಯಾಸ ಆಗಿದೆ' ಅಂದುಕೊಂಡು ಕಣ ಬಿಟ್ಟು ತೋಟಕ್ಕೆ ಹೋದೆ. ನಮ್ಮಮ್ಮ ಒಂದು ಮಾತು ಹೇಳ್ತಾರೆ, ಹಬ್ಬಕ್ಕೆ ಸಾರಿಸಿದ ಮನೆ ನೋಡಿ ಹೆಣ್ಣು ಕೊಡಬಾರದು ಅಂತ. ನಮ್ಮ ಮೊದಲ ವರ್ಷದ ಕಾಫಿ ಹಬ್ಬದ ಮನೆಯಾಗಿತ್ತು.

ಖಾಲಿ ಪುಟದ ಹಿಂದೆ

ಬೇಸಿಗೆಯಲ್ಲಿ ಕಣದ ಅಕ್ಕನ ಜೊತೆ, ಮೇಸ್ತ್ರಿ ಜೊತೆ ಕೂತು ಜನವರಿಯಲ್ಲಿ ಏನೇನಾಯಿತು ಅಂತ ಒಂದೊಂದೇ ಬಿಡಿಸಿದೆವು. ಯಾರನ್ನೂ ಬೈಯಲ್ಲ ಅಂತ ಮೊದಲೇ ಹೇಳಿದ್ದೆ. ಅದು ಒಳ್ಳೆಯದಾಯಿತು, ಯಾಕಂದರೆ ಹೆಚ್ಚಿನ ತಪ್ಪು ನನ್ನದೇ ಇತ್ತು.

ನವೆಂಬರ್ ಮಳೆಗೆ ಟಾರ್ಪಾಲು ಹರಿದಿತ್ತು. ಹೊಸದು ತರಬೇಕಾದವನು ನಾನು. ತರಲಿಲ್ಲ, 'ಮಳೆ ಮುಗೀತಲ್ಲ' ಅಂದುಕೊಂಡೆ. ನಮ್ಮ ಕಡೆ ಜನವರಿಯ ಇಬ್ಬನಿ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಬೆಳಗ್ಗೆ ಮರದಡಿ ನಿಂತರೆ ತಲೆ ಒದ್ದೆಯಾಗುತ್ತೆ. ಅಷ್ಟರಲ್ಲಿ ಮುಕ್ಕಾಲು ಒಣಗಿದ ಹಣ್ಣು ರಾತ್ರಿ ಮತ್ತೆ ನೀರು ಕುಡಿಯುತ್ತಿತ್ತು, ಹಗಲು ಒಣಗುತ್ತಿತ್ತು, ಪುನಃ ಕುಡಿಯುತ್ತಿತ್ತು.

ಕಣ ನೋಡಿಕೊಳ್ಳುವ ಅಕ್ಕನನ್ನು ಮಧ್ಯಾಹ್ನದ ಮೇಲೆ ಮೆಣಸು ಬಿಡಿಸಲು ಕಳಿಸಿದ್ದೆ. ಜನ ಇರಲಿಲ್ಲ, ಏನು ಮಾಡೋದು. ಹಾಗಾಗಿ ಮಧ್ಯಾಹ್ನದ ನಂತರ ಕೈಯಾಡಿಸುವವರೇ ಇಲ್ಲ. ಮೇಲಾಗಿ ಎರಡು ಮೇಜು ಮೆಣಸಿಗೆ ಹೋದವು, ಅಲ್ಲಿದ್ದ ಹಣ್ಣು ಉಳಿದ ಮೇಜಿಗೆ ಸೇರಿತು. ಎರಡು ಬೆರಳು ದಪ್ಪ ಇರಬೇಕಾದ್ದು ಅಂಗೈ ದಪ್ಪ ಆಯಿತು. ಸಿಮೆಂಟ್ ಕಣದಲ್ಲೂ ಚೆರ್ರಿಯನ್ನು ಮೂರು ಇಂಚಿಗಿಂತ ದಪ್ಪ ಹರವಬೇಡಿ, ಗಂಟೆಗೊಮ್ಮೆ ಕೈಯಾಡಿಸಿ ಅನ್ನೋದು ಹಳೇ ಸಲಹೆ. ನನಗೆ ಬಾಯಿಪಾಠ ಇತ್ತು.

ಕುಯ್ಯುವವರು ಆ ವರ್ಷ ಹೊಸಬರು. ಹಿಂದಿನ ಎರಡು ವರ್ಷ ಬಂದಿದ್ದ ತಂಡ ಬೇರೆ ತೋಟಕ್ಕೆ ಹೋಗಿತ್ತು. ಹೊಸಬರಿಗೆ ಕೆಜಿ ಲೆಕ್ಕದ ಕೂಲಿ. 'ಕೆಂಪು ಹಣ್ಣು ಮಾತ್ರ ಕುಯ್ಯಿರಿ' ಅಂತ ಬಾಯಲ್ಲಿ ಹೇಳೋದು, ಕೆಜಿಗೆ ದುಡ್ಡು ಕೊಡೋದು. ಅವರು ಯಾವುದನ್ನು ಕೇಳಬೇಕು? ಉಳಿದಿದ್ದ ಅರ್ಧ ಚೀಲದಿಂದ ನೂರು ಒಣಹಣ್ಣು ಎಣಿಸಿ ನೋಡಿದೆವು, ಹದಿನೇಳು ಸುಕ್ಕಾಗಿ ಕರ್ರಗಾದ ಹಸಿಕಾಯಿ. ಮೊದಲ ವರ್ಷ ನೂರಕ್ಕೆ ಮೂರು ದಾಟಿದರೆ ಕೂಗಾಡುತ್ತಿದ್ದವನು ನಾನೇ.

ಕೊನೆಯದು ಮೀಟರು. ಚೀಲಕ್ಕೆ ತುಂಬುವ ದಿನ ಮೀಟರು 10.8 ತೋರಿಸಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಅದೇ ಲಾಟನ್ನು ಹೊರಗೆ ಪರೀಕ್ಷೆ ಮಾಡಿಸಿದಾಗ 12.9 ಬಂತು. ಮೀಟರು ಕೆಟ್ಟಿರಲಿಲ್ಲ, ಅಳೆದ ರೀತಿ ಕೆಟ್ಟಿತ್ತು. ಮಧ್ಯಾಹ್ನದ ಬಿಸಿಲಲ್ಲಿ, ಕಾದ ಹಣ್ಣನ್ನು, ಮೇಜಿನ ಮೇಲ್ಪದರದಿಂದ ಬಾಚಿ ಅಳೆದಿದ್ದೆ. ಮೊದಲ ವರ್ಷ ಮೇಲೆ, ನಡುವೆ, ಕೆಳಗೆ ಮೂರು ಕಡೆಯಿಂದ ತೆಗೆದು, ನೆರಳಲ್ಲಿ ಆರಿಸಿ, ಸಿಪ್ಪೆ ಬಿಡಿಸಿ ಬೀಜ ಮಾತ್ರ ಅಳೆಯುತ್ತಿದ್ದೆ. ಯಾವಾಗ ಬಿಟ್ಟೆ? ಗೊತ್ತಿಲ್ಲ. ಒಂದು ದಿನ ಅರ್ಜೆಂಟಿತ್ತು, ಬಿಟ್ಟೆ, ಏನೂ ಆಗಲಿಲ್ಲ. ಮರುದಿನವೂ ಬಿಟ್ಟೆ.

12.9 ಅನ್ನೋದು ಸಣ್ಣ ವ್ಯತ್ಯಾಸ ಅಲ್ಲ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ 2004ರಲ್ಲಿ ಮಾಡಿದ 420ನೇ ನಿರ್ಣಯದಲ್ಲಿ ರಫ್ತು ಕಾಫಿಯ ತೇವಾಂಶ 8ರಿಂದ 12.5 ಶೇಕಡಾ ಒಳಗಿರಬೇಕು ಅಂತಿದೆ. ಅದಕ್ಕಿಂತ ಮೇಲೆ ಹೋದರೆ ಚೀಲದೊಳಗೇ ಬೂಷ್ಟು ಬೆಳೆಯುತ್ತೆ. ಕೆಲವು ಬೂಷ್ಟುಗಳು ಓಕ್ರಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಅದು ಕಣ್ಣಿಗೆ ಕಾಣಲ್ಲ, ಹುರಿದರೂ ಪೂರ್ತಿ ಹೋಗಲ್ಲ. ಹುರಿದ ಕಾಫಿಯಲ್ಲಿ ಅದರ ಮಿತಿಯನ್ನು ಯುರೋಪಿಯನ್ ಒಕ್ಕೂಟ ಕೆಜಿಗೆ 5 ಮೈಕ್ರೋಗ್ರಾಂ ಇಟ್ಟಿತ್ತು, 2023ರ ಜನವರಿಯಿಂದ 3ಕ್ಕೆ ಇಳಿಸಿದೆ. ಮುಗ್ಗಲು ವಾಸನೆ ಬಂದಿದ್ದಕ್ಕೆ ನಮ್ಮದು ಅಲ್ಲೇ ನಿಂತಿತು. ವಾಸನೆ ಬಾರದೆ ಹೋಗಿದ್ದರೆ ಅದನ್ನು ಯಾರೋ ಕುಡಿಯುತ್ತಿದ್ದರು. ಸಾವಯವ ಅಂತ ಚೀಟಿ ಅಂಟಿಸಿಕೊಂಡು.

ನೋಡಿ, ಈ ನಾಲ್ಕರಲ್ಲಿ ಒಂದೊಂದೇ ಆಗಿದ್ದರೆ ಕಾಫಿ ಉಳಿಯುತ್ತಿತ್ತು. ಹರಿದ ಟಾರ್ಪಾಲಿದ್ದರೂ ಕೈಯಾಡಿಸಿದ್ದರೆ ಆಗುತ್ತಿತ್ತು. ಕೈಯಾಡಿಸದಿದ್ದರೂ ಸರಿಯಾಗಿ ಅಳೆದಿದ್ದರೆ ಇನ್ನು ನಾಲ್ಕು ದಿನ ಒಣಗಿಸುತ್ತಿದ್ದೆ. ಎಲ್ಲ ಒಟ್ಟಿಗೆ ಜಾರಿತು. ಜಾರಿದ್ದನ್ನು ತೋರಿಸಬೇಕಾದ ಪುಸ್ತಕ ಎಲ್ಲಕ್ಕಿಂತ ಮೊದಲೇ ನಿಂತುಹೋಗಿತ್ತು.

ಒಳ್ಳೆ ರೇಟು ಬಂದಾಗಲೇ ಹುಷಾರು

ಕಷ್ಟಕಾಲದಲ್ಲಿ ಗುಣಮಟ್ಟ ಬೀಳುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ಬೀಳೋದು ಸುಖಕಾಲದಲ್ಲಿ. 2024ರಲ್ಲಿ ರೊಬಸ್ಟಾ ಚೆರ್ರಿ 50 ಕೆಜಿ ಮೂಟೆಗೆ ಹತ್ತು ಸಾವಿರ ದಾಟಿತು. ನಮ್ಮಪ್ಪ ಕನಸಿನಲ್ಲೂ ಕಾಣದ ರೇಟು. ಆಗ ಹಸಿ, ಹಣ್ಣು, ಉದುರು ಎಲ್ಲವೂ ಮಾರಾಟ. ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದರು. ಓಟಿ ನೋಡ್ತಾರೆ, ತೇವಾಂಶ ನೋಡ್ತಾರೆ, ಮುಗೀತು. ನಮ್ಮ ಪಕ್ಕದ ತೋಟದವರೊಬ್ಬರು, ಹತ್ತು ವರ್ಷದಿಂದ ಪಲ್ಪಿಂಗ್ ಮಾಡುತ್ತಿದ್ದವರು, ಆ ವರ್ಷ ಪಲ್ಪರ್ ಮುಚ್ಚಿ ಇಟ್ಟರು. "ಇಷ್ಟು ರೇಟಿಗೆ ಯಾಕೆ ಮಾರಾಯ ನೀರು, ಕರೆಂಟು, ಕೂಲಿ?" ಲೆಕ್ಕ ತಪ್ಪಲ್ಲ. ಆದರೆ ಮುಂದಿನ ವರ್ಷ ತೆಗೆದಾಗ ಪಲ್ಪರಿನ ತಾಮ್ರದ ಪಟ್ಟಿ ಸವೆದಿತ್ತು, ಸೆಟ್ಟಿಂಗ್ ಗೊತ್ತಿದ್ದ ಆಳು ಬಿಟ್ಟುಹೋಗಿದ್ದ, ಬೀಜಕ್ಕೆಲ್ಲ ಗಾಯ.

ಹಿರಿಯರು ಕಾಫಿ ಬೋರ್ಡಿನ ಪೂಲಿಂಗ್ ಕಾಲವನ್ನು ಈಗಲೂ ಬೈಯುತ್ತಾರೆ. 1942ರ ಕಾಯ್ದೆಯ ಆ ವ್ಯವಸ್ಥೆಯಲ್ಲಿ ಬೆಳೆದದ್ದೆಲ್ಲ ಬೋರ್ಡಿಗೇ ಕೊಡಬೇಕು, ದುಡ್ಡು ಕಂತು ಕಂತಾಗಿ ಬರುತ್ತಿತ್ತು. 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು, ಬೆಳೆಗಾರನಿಗೆ ಒಳ್ಳೆಯದೇ ಆಯಿತು. ಒಂದು ಮಾತ್ರ ಹೋಯಿತು ಅಂತ ನನ್ನ ಅನಿಸಿಕೆ. ಪೂಲಿನಲ್ಲಿ ಕ್ಯೂರಿಂಗ್ ಆದ ಮೇಲೆ ದರ್ಜೆ ನೋಡಿ ಪಾಯಿಂಟ್ ಲೆಕ್ಕದಲ್ಲಿ ದುಡ್ಡು ಬರುತ್ತಿತ್ತು. ನಮ್ಮ ಅಜ್ಜನಿಗೆ ತನ್ನ ಕಾಫಿಗೆ ಎಷ್ಟು ಪಾಯಿಂಟ್ ಬಿತ್ತು ಅಂತ ಗೊತ್ತಿತ್ತು. ಕಣದ ಬಾಗಿಲಲ್ಲೇ ಮಾರುವ ನಮಗೆ, ನಮ್ಮ ಕಾಫಿ ಆ ಕಡೆ ಹೋದ ಮೇಲೆ ಏನಾಯಿತು ಅಂತ ಗೊತ್ತೇ ಆಗಲ್ಲ. ಹೊರಗಿನಿಂದ ಯಾರೂ ಹೇಳದಿದ್ದರೆ ನಾವೇ ಹೇಳಿಕೊಳ್ಳಬೇಕು.

ಚಕ್ರದ ಹಿಂದಿನ ಕಟ್ಟಿಗೆ

ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿದವರು ಇದನ್ನು ನೋಡಿರುತ್ತೀರಿ. ಏರಿನಲ್ಲಿ ಲೋಡು ಲಾರಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಮಾಡುವ ಕೆಲಸ ಎಂಜಿನ್ ನೋಡೋದಲ್ಲ. ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಟ್ಟಿಗೆಯ ತುಂಡನ್ನೋ ಕಲ್ಲನ್ನೋ ಕೊಡುತ್ತಾನೆ. ಲಾರಿ ಹತ್ತಡಿ ಮುಂದೆ ಹೋದರೆ ಅದನ್ನೂ ಎತ್ತಿ ಮುಂದೆ ಕೊಡುತ್ತಾನೆ. ಗುಣಮಟ್ಟದ ಪಾಠ ಹೇಳುವ ಪುಸ್ತಕಗಳಲ್ಲಿ ಇಂಥದೇ ಒಂದು ಚಿತ್ರ ಬರುತ್ತೆ. ಏರು ಹತ್ತುವ ಚಕ್ರ, ಅದರ ಹಿಂದೆ ಒಂದು ಬೆಣೆ. ಚಕ್ರಕ್ಕೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಅವರ ಹೆಸರು. 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಪಾಠ ಮಾಡಿದವರು. ಯೋಜಿಸು, ಮಾಡು, ನೋಡು, ತಿದ್ದು ಅಂತ ಚಕ್ರ ಸುತ್ತುತ್ತಾ ಮೇಲೇರುತ್ತೆ. ಹಿಂದಿನ ಬೆಣೆ ಅಂದರೆ 'ಇನ್ನು ಮುಂದೆ ಈ ಕೆಲಸ ಹೀಗೇ' ಅಂತ ಗೊತ್ತುಮಾಡಿದ ಕ್ರಮ. ನಾನು ಚಕ್ರ ತಳ್ಳಿದ್ದೆ, ಕಟ್ಟಿಗೆ ಕೊಟ್ಟಿರಲಿಲ್ಲ. ನಾನೇ ಭುಜ ಕೊಟ್ಟು ನಿಂತಿದ್ದೆ. ಭುಜ ತೆಗೆದ ದಿನ ಲಾರಿ ಹಿಂದಕ್ಕೆ ಬಂತು.

2022ರ ಬೇಸಿಗೆಯಿಂದ ಕಟ್ಟಿಗೆ ಕೊಡುವ ಕೆಲಸ ಶುರು ಮಾಡಿದೆವು. ಮೊದಲು ಹದಿನೇಳು ಕಾಲಂ ಹರಿದು ಹಾಕಿ ನಾಲ್ಕು ಉಳಿಸಿದೆ: ನೂರಕ್ಕೆ ಎಷ್ಟು ಹಸಿ, ಎಷ್ಟು ಸಲ ಕೈಯಾಡಿಸಿದ್ದು, ರಾತ್ರಿ ಮುಚ್ಚಿದ್ದು ಹೌದೋ ಅಲ್ಲವೋ, ತೂಕ. ಉಷ್ಣಾಂಶ, ಆರ್ದ್ರತೆ ಬರೆದು ನಾನು ಒಂದು ದಿನವೂ ಅದರಿಂದ ಏನನ್ನೂ ಬದಲಾಯಿಸಿರಲಿಲ್ಲ. ನೋಡಿ ಏನೂ ಮಾಡದ ಅಂಕಿಯನ್ನು ಬರೆಸಬೇಡಿ. ಬರೆಯುವವರಿಗೆ ಅದು ಬೇಗ ಗೊತ್ತಾಗುತ್ತೆ. ಅವರು ಮನಸ್ಸಿಗೆ ಬಂದಿದ್ದು ತುಂಬುತ್ತಾರೆ, ಆಮೇಲೆ ಬಿಡುತ್ತಾರೆ.

ಕಣದ ಅಕ್ಕನಿಗೆ ಓದು ಬರಹ ಬರಲ್ಲ. ಹಿಂದೆ ಅವರು ಹೇಳೋದು, ಸಂಜೆ ನಾನು ಬರೆಯೋದು. ಹಾಗಾಗಿಯೇ ನಾನು ಇಲ್ಲದ ದಿನ ಪುಸ್ತಕ ಖಾಲಿ. ಈಗ ಮೇಜಿನ ಕಾಲಿಗೆ ಎರಡು ಡಬ್ಬ ಕಟ್ಟಿದ್ದೇವೆ. ಬೆಳಗ್ಗೆ ಒಂದರಲ್ಲಿ ಎಂಟು ಕಲ್ಲು, ಒಂದು ಸಲ ಕೈಯಾಡಿಸಿದರೆ ಒಂದು ಕಲ್ಲು ಆ ಕಡೆ. ಈ ಉಪಾಯ ನನ್ನದಲ್ಲ, ಅವರದೇ. ಸಂಜೆ ನಾಲ್ಕಕ್ಕೆ ಈ ಡಬ್ಬದಲ್ಲಿ ಮೂರು ಕಲ್ಲು ಉಳಿದಿದ್ದರೆ ನನಗೆ ತಿಳಿಯುತ್ತೆ, ಬೈಯೋದಕ್ಕಲ್ಲ, ಅವರನ್ನು ಯಾರು ಬೇರೆ ಕೆಲಸಕ್ಕೆ ಎಳೆದರು ಅಂತ ಕೇಳೋದಕ್ಕೆ. ಹೆಚ್ಚಿನ ಸಲ ಉತ್ತರ 'ನೀವೇ'.

ಕೂಲಿಯ ವಿಷಯದಲ್ಲಿ ಜಗಳವೇ ಆಯಿತು. ದಿನಗೂಲಿ ಕೊಟ್ಟರೆ ಕುಯ್ಲು ನಿಧಾನ, ಕೆಜಿ ಲೆಕ್ಕಕ್ಕೆ ಕೊಟ್ಟರೆ ಹಸಿ. ಈಗ ಕೆಜಿ ಲೆಕ್ಕವನ್ನೇ ಇಟ್ಟುಕೊಂಡು, ಮಧ್ಯಾಹ್ನ ಮತ್ತು ಸಂಜೆ ತೂಕದ ಹೊತ್ತಿಗೆ ಎಲ್ಲರೆದುರಿಗೆ ನೂರು ಹಣ್ಣು ಎಣಿಸುತ್ತೇವೆ. ಐದರ ಒಳಗೆ ಹಸಿ ಇದ್ದರೆ ಇಡೀ ತಂಡಕ್ಕೆ ಕೆಜಿಗೆ ಇಷ್ಟು ಅಂತ ಮೇಲೆ ಕೊಡುತ್ತೇವೆ. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟು ನೋಡಿದ್ದೆ, ಲೈನ್ ಮನೆಯಲ್ಲಿ ಮಾತುಬಿಟ್ಟರು. ಎಣಿಸುವವನು ಮೇಸ್ತ್ರಿ ಅಲ್ಲ, ಕುಯ್ಯುವವರಲ್ಲೇ ಒಬ್ಬರು, ದಿನಕ್ಕೊಬ್ಬರು. ಅಸ್ಸಾಮಿನಿಂದ ಬಂದವರಿಗೆ ನನ್ನ ಕನ್ನಡವೂ ಬರಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಅದಕ್ಕೆ ಕುಯ್ಯುವ ಬುಟ್ಟಿಗೆ ಹಣ್ಣಿನ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿದ್ದೇವೆ. ಇದಕ್ಕಿಂತ ತಿಳಿಯಾಗಿದ್ದರೆ ಬೇಡ, ಅಷ್ಟೇ ಪಾಠ. ಪ್ರತಿ ವರ್ಷ ತಂಡ ಹೊಸದು ಅಂತಲೇ ಲೆಕ್ಕ ಹಾಕಬೇಕು. ಕಲಿಸಿದ್ದು ಜನರ ಜೊತೆ ಹೊರಟುಹೋಗುತ್ತೆ, ಬುಟ್ಟಿಗೆ ಕಟ್ಟಿದ್ದು ತೋಟದಲ್ಲಿ ಉಳಿಯುತ್ತೆ.

ಮೀಟರಿಗೆ ಜೊತೆಯಾಗಿ ಅಜ್ಜನ ಫಾರ್ಲಿಟ್ ಡಬ್ಬ ಅಟ್ಟದಿಂದ ಇಳಿಯಿತು. ನಲವತ್ತು ಲೀಟರಿನ ಅಳತೆ. ಅದರ ತುಂಬ ಕಾಫಿ ತುಂಬಿ ತೂಗಬೇಕು, ಎರಡು ದಿನ ಸತತವಾಗಿ ಒಂದೇ ತೂಕ ಬಂದರೆ ಒಣಗಿದೆ ಅಂತ. ಬ್ಯಾಟರಿ ಬೇಡ, ಬಿಸಿಲಿಗೆ ಸುಳ್ಳು ಹೇಳಲ್ಲ. ಮೀಟರು ಮತ್ತು ಡಬ್ಬ ಎರಡೂ ಒಪ್ಪಿದರೆ ಮಾತ್ರ ಚೀಲ. ಕಾಫಿ ಬೋರ್ಡ್ ಹೇಳುವ ಲೆಕ್ಕ ಪಾರ್ಚ್‌ಮೆಂಟಿಗೆ 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11 ಶೇಕಡಾ. ಕುಯ್ಲು ಶುರುವಾಗುವ ಮೊದಲು ಒಂದೇ ಸ್ಯಾಂಪಲನ್ನು ನಮ್ಮ ಮೀಟರಿನಲ್ಲೂ ಕ್ಯೂರಿಂಗ್ ವರ್ಕ್ಸಿನಲ್ಲೂ ಅಳೆಸಿ ವ್ಯತ್ಯಾಸ ಎಷ್ಟು ಅಂತ ಮೀಟರಿನ ಮೇಲೇ ಚೀಟಿ ಅಂಟಿಸುತ್ತೇವೆ.

ಇನ್ನು ಆನೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು, ಆಮೇಲೂ ಬಂದವು. ಬೆಳಗ್ಗೆ ಮೊಬೈಲಿನಲ್ಲಿ 'ಆನೆ ಇಂಥಲ್ಲಿದೆ' ಅಂತ ಸಂದೇಶ ಬಂದರೆ ಕುಯ್ಯುವವರು ಒಂಬತ್ತೂವರೆ, ಹತ್ತರ ತನಕ ತೋಟಕ್ಕಿಳಿಯಲ್ಲ, ಇಳಿಸಲೂ ಬಾರದು. ಆ ದಿನ ಹಣ್ಣು ಕಣಕ್ಕೆ ಬರುವಾಗ ಕತ್ತಲಾಗಿರುತ್ತೆ. 'ಅದೇ ದಿನ ಮೇಜಿಗೆ' ಅನ್ನುವ ನನ್ನ ನಿಯಮ ಅಂಥ ದಿನ ಮುರಿಯುತ್ತಿತ್ತು. ಒಂದು ಸಲ ಮುರಿದ ನಿಯಮವನ್ನು ಎರಡನೇ ಸಲ ಮುರಿಯೋಕೆ ಯಾರಿಗೂ ಸಂಕೋಚ ಇರಲ್ಲ. ಈಗ ಆನೆ ದಿನಕ್ಕೆ ಬೇರೆ ನಿಯಮ: ಮಧ್ಯಾಹ್ನ ಎರಡರ ನಂತರ ಕುಯ್ದಿದ್ದು ನ್ಯಾಚುರಲ್‌ಗೆ ಇಲ್ಲ, ಕಣದ ಮೂಲೆಯಲ್ಲಿ ತೆಳ್ಳಗೆ ಹರವಿ ಮಾಮೂಲಿ ಚೆರ್ರಿ ಲೆಕ್ಕಕ್ಕೆ. ಅತ್ಯಂತ ಕೆಟ್ಟ ದಿನವೂ ನಡೆಸಲು ಆಗುವಂಥ ನಿಯಮ ಮಾತ್ರ ಗೋಡೆ ಮೇಲೆ ಬರೆದಿದ್ದೇವೆ. ಸುಣ್ಣದಲ್ಲಿ, ನಾಲ್ಕೇ ಸಾಲು, ಪಕ್ಕದಲ್ಲಿ ಚಿತ್ರ.

ನನ್ನನ್ನು ತಡೆದ ದಿನ

2024ರ ಜನವರಿ ಮೊದಲ ವಾರ ಹೊತ್ತಲ್ಲದ ಹೊತ್ತಿನಲ್ಲಿ ಮತ್ತೆ ಮಳೆ. ಮೇಜುಗಳೆಲ್ಲ ತುಂಬಿದ್ದವು. ಎರಡು ಟ್ರಾಕ್ಟರ್ ಹಣ್ಣು ಬಂದು ನಿಂತಿತ್ತು. ನಾನು ಇದ್ದ ಮೇಜಿನ ಮೇಲೇ ಸುರಿಯಿರಿ ಅಂದೆ. ಕಣದ ಅಕ್ಕ ಅಡ್ಡ ನಿಂತರು.

"ಬ್ಯಾಡ ಸಣ್ಣಗೌಡ್ರೆ. ಎರಡು ಬೆಟ್ಟು ಅಂತ ನೀವೇ ಬರಿಸಿದೀರಿ."

"ಇವತ್ತೊಂದು ದಿನ ಅಕ್ಕ, ನಾಳೆ ಬಿಡಿಸಿ ಹರವೋಣ."

"ಆವತ್ತೂ ಹಿಂಗೇ ಅಂದಿದ್ರಿ."

ಮೇಸ್ತ್ರಿ ನನ್ನ ಮುಖ ನೋಡಿದ. ನನಗೆ ಸಿಟ್ಟು ಬಂದಿದ್ದು ಸುಳ್ಳಲ್ಲ, ಆರು ಎಕರೆಯ ಯಜಮಾನ ನಾನೇ ತಾನೆ. ಆದರೆ ಬೇಸಿಗೆಯ ಆ ಕೂಟದಲ್ಲಿ ನಾವು ಒಂದು ಮಾತು ಗೊತ್ತುಮಾಡಿದ್ದೆವು: ಕಣ ನಿಲ್ಲಿಸುವ ಹಕ್ಕು ಕಣದವರಿಗೆ. ಆ ಹಣ್ಣು ಪಲ್ಪರಿಗೆ ಹೋಯಿತು. ನ್ಯಾಚುರಲ್ ಆ ವರ್ಷ ಒಂಬತ್ತೇ ಮೂಟೆ. ಒಂಬತ್ತೂ ಬೆಂಗಳೂರಿಗೆ ಹೋಯಿತು, ಅದೇ ರೋಸ್ಟರಿಗೆ. ಎರಡು ವರ್ಷ ಬೇರೆ ಕಡೆ ತಗೊಂಡಿದ್ದವರು, ಸ್ಯಾಂಪಲ್ ಕಳಿಸಿ ಅಂತ ಕೇಳಿಸಿಕೊಳ್ಳೋಕೆ ನಾನು ಏಳು ಸಲ ಫೋನು ಮಾಡಿದ್ದೆ.

ನಾಲ್ಕು ಕಣ್ಣು ಸಾಲದು

ನಾವು ಒಂಬತ್ತು ಮನೆಯವರು ಪಿಜಿಎಸ್ ಸಾವಯವ ಗುಂಪಿನಲ್ಲಿದ್ದೇವೆ. ಕನಿಷ್ಠ ಐದು ರೈತರು ಸೇರಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಪ್ರಮಾಣೀಕರಿಸುವ ಪದ್ಧತಿ ಅದು. ನಿಜ ಹೇಳಬೇಕಂದರೆ ಮೊದಲು ನಾವು ಅದನ್ನು ಕಾಫಿ-ಕಡುಬಿನ ಕಾರ್ಯಕ್ರಮ ಮಾಡಿಕೊಂಡಿದ್ದೆವು. ಹೋಗೋದು, ತಿನ್ನೋದು, ಸಹಿ ಹಾಕೋದು. 2022ರಿಂದ ಕುಯ್ಲಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಬ್ಬರ ಕಣಕ್ಕೆ ಇಬ್ಬರು ಹೋಗುತ್ತೇವೆ, ಮುಂಚೆ ಹೇಳದೆ. ಗೋಡೆಯ ನಾಲ್ಕು ಸಾಲು, ಪುಸ್ತಕದ ನಾಲ್ಕು ಕಾಲಂ, ಉಗ್ರಾಣ. ಹದಿನೈದು ನಿಮಿಷದ ಕೆಲಸ. ತಿಂಡಿ ಆಮೇಲೆ.

ಒಂದು ಸಲ ಮಗ್ಗೆ ಕಡೆಯ ನಮ್ಮ ಸ್ನೇಹಿತರೊಬ್ಬರ ಉಗ್ರಾಣದಲ್ಲಿ ಚೀಲಗಳು ಗೋಡೆಗೆ ಒತ್ತಿಕೊಂಡು, ನೆಲದ ಮೇಲೇ ಇದ್ದವು. ಹಿಂದಿನ ಸಾಲಿನ ಚೀಲ ಮುಟ್ಟಿದರೆ ತಣ್ಣಗೆ. ಹೇಳಿದ್ದಕ್ಕೆ ಅವರಿಗೆ ಕೋಪ ಬಂತು, ಎರಡು ತಿಂಗಳು ಗುಂಪಿಗೆ ಬರಲಿಲ್ಲ. ನಾವೂ ತಪ್ಪು ಮಾಡಿದ್ದೆವು, ಅವರ ಅಳಿಯನ ಎದುರಿಗೆ ಹೇಳಿದ್ದೆವು. ಈಗ ನೋಡಿದ್ದನ್ನು ಮನೆಯವರೊಬ್ಬರಿಗೇ ಹೇಳುತ್ತೇವೆ, ಮುಂದಿನ ಸಲ ಅದನ್ನೇ ಮೊದಲು ನೋಡುತ್ತೇವೆ. ಅವರು ತಿರುಗಿ ಬಂದರು. ಅವರ ಉಗ್ರಾಣದಲ್ಲಿ ಮರದ ಹಲಗೆ ಬಂದಿದೆ, ಗೋಡೆಯಿಂದ ಒಂದು ಅಡಿ ಜಾಗ ಇದೆ. ನಮ್ಮ ಕಣಕ್ಕೆ ಬಂದಾಗ ಅವರಷ್ಟು ಕಟ್ಟುನಿಟ್ಟು ಇನ್ಯಾರೂ ಇಲ್ಲ.

ಯುಗಾದಿ ಆದ ಮೇಲೆ ಎಲ್ಲರೂ ಒಂದು ದಿನ ಪುಸ್ತಕ ತಂದು ಕೂರುತ್ತೇವೆ. ಒಂದು ಕಾಲಂ ಸೇರಿಸಬೇಕಿದ್ದರೆ ಒಂದು ತೆಗೆಯಲೇಬೇಕು, ಅದು ಕರಾರು. ಹೋದ ಸಲ ಮೆಣಸಿನ ಮೇಜು ಬೇರೆ ಇರಬೇಕು ಅಂತ ತೀರ್ಮಾನವಾಯಿತು, ನಾಲ್ಕು ಮನೆಯವರು ಮಾಡಿಸಿದರು, ಉಳಿದವರು ಇನ್ನೂ ಯೋಚಿಸುತ್ತಿದ್ದಾರೆ.

ಖರ್ಚಿಲ್ಲ ಅಂತ ಹೇಳಲ್ಲ. ಕಣಕ್ಕೆ ಕುಯ್ಲಿನ ಎರಡೂವರೆ ತಿಂಗಳು ಒಬ್ಬರು ಪೂರ್ತಿ ಬೇಕು, ತಂಡಕ್ಕೆ ಮೇಲಿನ ದುಡ್ಡು ಬೇಕು, ಟಾರ್ಪಾಲು ಎರಡು ವರ್ಷಕ್ಕೊಮ್ಮೆ ಹೊಸದು. ಮಾಮೂಲಿ ರೇಟೇ ಚೆನ್ನಾಗಿರುವಾಗ ಈ ಲೆಕ್ಕ ಕೂಡಲ್ಲ ಅನ್ನುವವರ ಮಾತನ್ನು ನಾನು ತಳ್ಳಿಹಾಕಲ್ಲ. ಜನ ಸಿಗದವರು ನ್ಯಾಚುರಲ್, ಹನಿ ಅಂತ ಹೊರಡಬೇಡಿ. ಚೆರ್ರಿಯನ್ನೇ ತೆಳ್ಳಗೆ ಹರವಿ, ರಾತ್ರಿ ಮುಚ್ಚಿ, 11ಕ್ಕೆ ಇಳಿಸಿ, ಹಲಗೆ ಮೇಲೆ ಇಡಿ. ಎರಡೇ ಕೆಲಸ ಹಿಡಿದು ಹತ್ತು ವರ್ಷ ಮಾಡಿದವರ ಕಾಫಿ, ಹತ್ತು ಕೆಲಸ ಹಿಡಿದು ಎರಡು ವರ್ಷ ಮಾಡಿದ ನನ್ನ ಕಾಫಿಗಿಂತ ಚೆನ್ನಾಗಿರೋದನ್ನು ಹಾನುಬಾಳು ಕಡೆ ಕಣ್ಣಾರೆ ನೋಡಿದ್ದೇನೆ.

ಅರೇಬಿಕಾ ಹಣ್ಣಾಗುತ್ತಿದೆ. ನಮ್ಮಲ್ಲಿ ಮೊದಲ ಕುಯ್ಲು ಇನ್ನು ಹತ್ತು ದಿನ. ನಿನ್ನೆ ಮೀಟರಿನ ಸ್ಯಾಂಪಲ್ ಕೊಟ್ಟು ಬಂದೆ, ಡಬ್ಬಕ್ಕೆ ಎಂಟು ಹೊಸ ಕಲ್ಲು ಅಕ್ಕನೇ ಹಳ್ಳದಿಂದ ಆರಿಸಿ ತಂದಿದ್ದಾರೆ. ಟಾರ್ಪಾಲು ಬಿಡಿಸಿ ನೋಡಿದರೆ ಒಂದು ಮೂಲೆಯನ್ನು ಇಲಿ ಕಡಿದಿದೆ. ಮೊದಲ ಸರದಿ ನಮ್ಮ ಕಣದ್ದೇ ಇರಬಹುದು ಅಂತ ಗುಮಾನಿ. ಇದನ್ನು ಕಳಿಸಿ, ಮಧ್ಯಾಹ್ನದ ಬಸ್ಸಿಗೆ ಸಕಲೇಶಪುರಕ್ಕೆ ಹೋಗಿ ಹೊಸದು ತರಬೇಕು.